ಬಾಗಿಲು ಮೇಷ್ಟರ ಒಪ್ಪಿಗೆ

ಓದದೆಯೇ "ಓದಿದ್ದೇನೆ, ಒಪ್ಪಿದ್ದೇನೆ" ಎಂಬ ಗುಂಡಿಯನ್ನು ನೀವು ಎಷ್ಟು ಸಲ ಒತ್ತಿಲ್ಲ? ಎದೆ ಮುಟ್ಟಿಕೊಂಡು ಹೇಳಿ. ಹೇಳಲು ಬಾಯಿ ಬಾರದಿದ್ದರೆ ಆಸ್ಪತ್ರೆಯ ಈ ಎರಡು ಹಾಸಿಗೆಯ ಕೋಣೆಗೆ ಬನ್ನಿ. ನಿಮ್ಮಂಥವರೇ ಒಬ್ಬರು ಇಲ್ಲಿ ಅಕ್ಕನ ಕಾಲ ಬಳಿ ಸ್ಟೂಲಿನ ಮೇಲೆ ಕುಳಿತಿದ್ದಾರೆ.

ಇವರು ಭೌತಶಾಸ್ತ್ರದ ಪ್ರಾಧ್ಯಾಪಕರು. ಸಂಶೋಧನೆಗೆ ಬೀಗ ಹಾಕಬಾರದು, ಓದಬಯಸುವ ಯಾರಿಗಾದರೂ ಅದು ಪುಕ್ಕಟೆ ಸಿಗಬೇಕು ಎಂದು ಸಿಕ್ಕ ಸಭೆಯಲ್ಲೆಲ್ಲ ಗಂಟಲು ಹರಿದುಕೊಳ್ಳುವವರು. "ಜ್ಞಾನಕ್ಕೆ ಬಾಗಿಲೇ ಬೇಡ" ಎಂಬುದು ಪ್ರತಿ ಭಾಷಣದ ಕೊನೆಯ ಮಾತಾದ್ದರಿಂದ ವಿದ್ಯಾರ್ಥಿಗಳು ಅವರಿಗೆ ಬಾಗಿಲು ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು. ಹಾಸಿಗೆಯ ಮೇಲಿದ್ದ ಅಕ್ಕ ನಿವೃತ್ತ ಶಾಲಾ ಶಿಕ್ಷಕಿ. ತಮ್ಮನ ಕೈ ಹಿಡಿದು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದವರು. ಈಗ ಕೀಲುನೋವಿನಿಂದ ಅವರ ಬೆರಳ ಗಂಟುಗಳು ಊದಿಕೊಂಡು, ನೀರಿನ ಲೋಟ ಎತ್ತುವುದೂ ದೊಡ್ಡ ಸಾಹಸವಾಗಿತ್ತು.

ತರುಣ ವೈದ್ಯ ಟ್ಯಾಬ್ ಹಿಡಿದು ಒಳಗೆ ಬಂದಾಗ ಅವನ ಮುಖ ಅರಳಿತ್ತು. "ಸರ್, ಔಷಧಿ ಹಳೇದೇ, ಆದ್ರೆ ಡೋಸು ಮೂರು ಪಟ್ಟು. ಸೂಜಿ ಹಾಕಿಸಿಕೊಂಡವರೆಲ್ಲ ಎದ್ದು ಓಡಾಡ್ತಿದಾರಂತೆ! ಪ್ರಬಂಧ ಇಲ್ಲೇ ಇದೆ, ಯಾರು ಬೇಕಾದ್ರೂ ಓದಬಹುದು. ಅಯ್ಯೋ, ನಿಮಗೆ ನಾನು ಹೇಳ್ಬೇಕಾ! ಪ್ರಕಟಣೆಗೆ ಮುಂಚೆ ಪರಿಶೀಲನೆ ಮಾಡಿದವರೇ ನೀವು."

"ನಾನಾ?"

ವೈದ್ಯಕೀಯ, ಭೌತಶಾಸ್ತ್ರ, ಪರಿಸರ ಮೂರನ್ನೂ ಒಂದೇ ಸೂರಿನಡಿ ಪ್ರಕಟಿಸುತ್ತಿದ್ದ ಆ ಸಂಶೋಧನಾ ಪತ್ರಿಕೆಗೆ ಎಲ್ಲವನ್ನೂ ತೆರೆದಿಡುವುದರಲ್ಲಿ ಎಂಥ ನಿಷ್ಠೆಯೆಂದರೆ, ಪರಿಶೀಲಕರ ಹೆಸರನ್ನೂ ಅಭಿಪ್ರಾಯವನ್ನೂ ಮೊದಲ ಪುಟದಲ್ಲೇ ಹಾಕುತ್ತಿತ್ತು. ವೈದ್ಯ ಗಟ್ಟಿಯಾಗಿ ಓದಿದ: "'ಬಹಳ ಉಪಯುಕ್ತ ಅಧ್ಯಯನ. ಭಾಷೆಯನ್ನು ಅಲ್ಲಲ್ಲಿ ತಿದ್ದಿದರೆ ಸಾಕು.' ಕೆಳಗೆ ನಿಮ್ಮ ಹೆಸರು."

ಮೇಷ್ಟರಿಗೆ ಆ ವಾಕ್ಯದ ಗುರುತು ಹತ್ತಿತು. ನಕ್ಷತ್ರಗಳ ಕುರಿತ ಪ್ರಬಂಧಕ್ಕೂ ಅದನ್ನೇ ಬರೆದಿದ್ದರು, ಕೆರೆಯ ಮೀನುಗಳ ಕುರಿತದ್ದಕ್ಕೂ ಅದನ್ನೇ. ಕೀಲುನೋವಿನದು ಬಂದಾಗ ಯಾವುದೋ ಸಮಿತಿಯ ಸಭೆಯಲ್ಲಿ ಕುಳಿತು, ಕಾಫಿ ಆರುವ ಮುನ್ನ ಒಪ್ಪಿಗೆ ಒತ್ತಿ ಕೈತೊಳೆದುಕೊಂಡಿದ್ದರು. ಪತ್ರಿಕೆ ಕಳಿಸಿದ "ಶ್ರೇಷ್ಠ ಪರಿಶೀಲಕ" ಎಂಬ ಫಲಕ ಅವರ ಕೋಣೆಯ ಗೋಡೆಯಲ್ಲಿ ಇನ್ನೂ ಮಿರುಗುತ್ತಿತ್ತು.

"ನನ್ನ ತಮ್ಮ ನೋಡಿ ಒಪ್ಪಿದ್ದು ಅಂದ್ಮೇಲೆ ಇನ್ನೇನು ಯೋಚನೆ?" ಅಕ್ಕ ಆಗಲೇ ತೋಳು ಮೇಲೇರಿಸಿದ್ದರು. "ಹಾಕಿ ಡಾಕ್ಟ್ರೇ. ಚಿಕ್ಕಂದಿನಿಂದ್ಲೂ ಅವನು ಒಂದಕ್ಷರ ಬಿಡದೆ ಓದೋನು."

"ಒಂದ್ನಿಮಿಷ, ಕೊಡಿ ಇಲ್ಲಿ." ಮೇಷ್ಟರು ಟ್ಯಾಬ್ ಕಸಿದುಕೊಂಡು, ತಾವು ಎಂದೋ ಒಪ್ಪಿದ್ದನ್ನು ಈಗ ಓದತೊಡಗಿದರು. ಅರ್ಧಕ್ಕರ್ಧ ತಲೆಗೆ ಹತ್ತಲಿಲ್ಲ. ಆದರೆ ಕೋಷ್ಟಕವೊಂದರ ಕೆಳಗಿದ್ದ ಸಣ್ಣಕ್ಷರದ ಸಾಲು ಅರ್ಥವಾಗಲು ವೈದ್ಯರೇ ಆಗಬೇಕಿರಲಿಲ್ಲ: "ಲಿವರಿನ ತೊಂದರೆಯಿಂದ ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಿದವರನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ." ಎದ್ದು ಓಡಾಡುತ್ತಿದ್ದವರನ್ನು ಮಾತ್ರ ಎಣಿಸಿ, ಎಲ್ಲರೂ ಓಡಾಡುತ್ತಿದ್ದಾರೆ ಎಂದು ಬರೆದಿದ್ದರು.

ಮೇಷ್ಟರು ಟ್ಯಾಬ್ ಮರಳಿ ಕೊಟ್ಟರು. "ಡಾಕ್ಟ್ರೇ, ಇದು ಬೇಡ. ಹಳೇ ಡೋಸೇ ಇರಲಿ."

"ಯಾಕೆ ಸರ್? ಒಪ್ಪಿಗೆ ಕೊಟ್ಟವರೇ ನೀವು!"

"ಒಪ್ಪಿಗೆ ಬೇರೆ, ನಮ್ಮಕ್ಕ ಬೇರೆ ರೀ! ನೀವಾದ್ರೂ ಪೂರ್ತಿ ಓದಬಾರದಿತ್ತಾ?"

"ಸಾರಾಂಶ ನೋಡಿದ್ದೆ ಸರ್. ಮಿಕ್ಕಿದ್ದನ್ನ ನೀವು ಓದಿರ್ತೀರಿ ಅಂತ..."

ಮೇಷ್ಟರು ಓದಿರುತ್ತಾರೆಂದು ಪತ್ರಿಕೆಯ ಸಂಪಾದಕರು ಓದಿರಲಿಲ್ಲ. ಇಬ್ಬರೂ ಓದಿರುತ್ತಾರೆಂದು ವೈದ್ಯ ಓದಿರಲಿಲ್ಲ. ಇಡೀ ಲೋಕಕ್ಕೆಂದು ಬಿಚ್ಚಿಟ್ಟ ಪುಟದ ಮೇಲೆ ಒಬ್ಬರ ಕಣ್ಣೂ ಬಿದ್ದಿರಲಿಲ್ಲ.

ಅಕ್ಕ ನಿಧಾನವಾಗಿ ತೋಳು ಇಳಿಸಿದರು. "ಓದದೇನೇ ಹೆಸರು ಹಾಕ್ದೆ ಅನ್ನು. ನಿನಗೆ ಓದೋದು ಕಲಿಸಿದ್ದು ನಾನು ಕಣೋ. ಈಗ ನಾನು ಯಾರಿಗೆ ಮುಖ ತೋರಿಸ್ಲಿ?" ಆಮೇಲೆ ದನಿ ತಗ್ಗಿಸಿ, ಎರಡು ಹಾಸಿಗೆಗಳ ನಡುವಿನ ಪರದೆಯತ್ತ ಗದ್ದ ತೋರಿದರು. "ಡಾಕ್ಟ್ರೇ, ಆಚೆಯವಳಿಗೆ ನಿನ್ನೆನೇ ಸೂಜಿ ಹಾಕಿದ್ರಲ್ಲ. ಅದು ಯಾವ ಡೋಸು?"

ವೈದ್ಯ ಅವಳ ಲಿವರಿನ ಪರೀಕ್ಷೆಗೆ ರಕ್ತ ತೆಗೆಯುವವರನ್ನು ಕರೆಯಲು ಹೊರಗೆ ಓಡಿದ.

"ಏಳು," ಎಂದರು ಅಕ್ಕ, ತರಗತಿಯ ದನಿಯಲ್ಲಿ. "ಪರದೆ ಸರಿಸಿ ಅವಳಿಗೆ ಹೇಳು. ಬೇರೆಯವರಲ್ಲ, ನೀನೇ ಹೇಳ್ಬೇಕು."

ಮೇಷ್ಟರು ಎದ್ದು ಪರದೆಯ ಅಂಚು ಹಿಡಿದರು. ಬಟ್ಟೆ ಅಲುಗಿದ್ದನ್ನು ಕಂಡು ಆಚೆಯಿಂದ ಆಗಷ್ಟೇ ಎಚ್ಚರಗೊಂಡ ಹೆಣ್ಣುದನಿಯೊಂದು ಕೇಳಿತು: "ಡಾಕ್ಟ್ರಾ? ಇವತ್ತು ಬೆರಳು ಒಂಚೂರು ಮಡಚೋಕೆ ಬರ್ತಿದೆ. ಇನ್ನೊಂದು ಯಾವಾಗ ಹಾಕ್ತೀರಾ?"

ಜ್ಞಾನಕ್ಕೆ ಬಾಗಿಲೇ ಬೇಡವೆಂದು ಸಭೆ ಸಭೆಯಲ್ಲೂ ಮೇಲೆದ್ದ ಆ ಕೈಗೆ, ತೆಳ್ಳನೆಯ ಒಂದು ಬಟ್ಟೆಯನ್ನು ಸರಿಸಲು ಆಗಲಿಲ್ಲ.

ಓದುಗರೇ, ನಿಮ್ಮ ಒಪ್ಪಿಗೆಗಾಗಿಯೂ ಈ ಹೊತ್ತು ಏನೋ ಒಂದು ಕಾದು ಕುಳಿತಿರಬಹುದು. ಗುಂಡಿ ಒತ್ತುವ ಮುನ್ನ ದಯವಿಟ್ಟು ಅದನ್ನು ಕೊನೆಯ ಸಣ್ಣಕ್ಷರದವರೆಗೂ ಓದಿ. ಪರದೆಯಾಚೆಯ ಆ ಹೆಂಗಸಿಗೆ ಪ್ರಾಧ್ಯಾಪಕ ತಮ್ಮನಿಲ್ಲ.