ಪುಷ್ಪಕದ ಟೈರು

ಒಂದೂರಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ. ಅವರಿಗೊಂದು ಸೂರಿಲ್ಲದ ಪುಟ್ಟ ಕಾರು, ಅದಕ್ಕೆ ಎರಡೇ ಸೀಟು. ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗವಿರುವ ಪುಷ್ಪಕ ವಿಮಾನದ ಕಥೆ ಕೇಳಿ ಬೆಳೆದವಳಿಗೆ ಎರಡು ಸೀಟೇ ಧಾರಾಳವೆನಿಸಿತ್ತು.

"ಸರಿಯಾದ ಅಳತೆಯ ಚಕ್ರ ಸಿಕ್ಕಿದ ದಿನ ನಿನ್ನನ್ನ ಕಡಲು ನೋಡೋಕೆ ಕರ್ಕೊಂಡು ಹೋಗ್ತೀನಿ" ಎಂದು ಗಂಡ ಮಾತು ಕೊಟ್ಟಿದ್ದ.

ಚಿಕ್ಕ ಚಕ್ರ ಹಾಕಿದರೆ ಅವನಿಗೆ ಕಾರು ಆಟಿಕೆಯಂತೆ ಕಂಡಿತು. ದೊಡ್ಡದು ಹಾಕಿದರೆ ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜಿತು. ಚಕ್ರದಡಿ ಇಡಲೆಂದು ಅವಳು ತಂದ ನಿಂಬೆಹಣ್ಣುಗಳು ಪ್ರತಿ ಸಲವೂ ಉಪ್ಪಿನಕಾಯಿಯಾದವು.

"ಕಾರಿನ ಜೊತೆ ಬಂದ ಅಳತೆನೇ ಇರ್ಲಿ ಬಿಡ್ರಿ. ಕೂತು ಹೋದ್ರಾಯ್ತಲ್ಲ."

"ನಿಂಗೇನೇ ಗೊತ್ತು? ಅಗಲದ ಟೈರಿನ ಗತ್ತೇ ಬೇರೆ!"

ಕೊನೆಗೊಂದು ಬೆಳಿಗ್ಗೆ ಅವನೊಬ್ಬನೇ ಹೊಸ ಅಗಲದ ಟೈರಿನಲ್ಲಿ ಬೀದಿ ಸುತ್ತಿ ಬಂದ. ಎಲ್ಲೂ ಉಜ್ಜಿರಲಿಲ್ಲ. ಅವಳು ಮಲ್ಲಿಗೆ ಮುಡಿದು, ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟು, ಪಕ್ಕದಲ್ಲಿ ಬಂದು ಕೂತಳು. ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಕಾರು ಹೊರಟಿತು. ಮೊದಲ ತಿರುವಿನಲ್ಲೇ ಟೈರು ಕರ್ರೆಂದಿತು.

"ಸ್ವಲ್ಪ ಇಳಿಯೇ" ಎಂದ ಗಂಡ.

ಅವಳು ಇಳಿದಳು. ಕಾರು ತುಸು ಮೇಲೆದ್ದಿತು, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಸಂದು ಬಿಟ್ಟಿತು.

"ನೋಡ್ದೆಯಾ, ಅಳತೆ ಸರಿಯಾಗೇ ಇದೆ!" ಎಂದು ಹಿಗ್ಗಿದವನು ಒಬ್ಬನೇ ಕಡಲಿನತ್ತ ಹೊರಟ.