ಪೆಟ್ಟಿಗೆ ಅಕ್ಕ ಇಳಿಯಲಿಲ್ಲ

ಸೋಮವಾರ ಬೆಳಗ್ಗೆ ಕಾರ್ಖಾನೆಯ ಸೈರನ್ ಕೂಗಿ ಮುಗಿಯುವಷ್ಟರಲ್ಲಿ ಗಂಡ ಹೆಂಡತಿ ಇಬ್ಬರೂ ಕಬ್ಬಿಣ ಕಡೆಯುವ ಒಂದೇ ಲೇತಿನ ಮುಂದೆ ನಿಂತಿದ್ದರು. ಅವನು ನೆಲದ ಮೇಲೆ, ಅವಳು ಮರದ ಪೆಟ್ಟಿಗೆಯ ಮೇಲೆ. ಲೇತಿನ ಹಿಡಿ ಅವಳ ಕೈಯಲ್ಲಿತ್ತು.

"ಪೆಟ್ಟಿಗೆ ಅಕ್ಕ, ಇಳಿಯಮ್ಮ ಇನ್ನು," ಎಂದ ಮೇಸ್ತ್ರಿ. "ಯುದ್ಧ ಮುಗೀತು, ಒಪ್ಪಂದಕ್ಕೆ ಸಹಿ ಬಿತ್ತು, ನಿನ್ನ ಯಜಮಾನರೂ ಬಂದ್ರು. ಅವರ ಯಂತ್ರ ಅವರಿಗೆ ಬಿಟ್ಟುಕೊಟ್ಟು ಮನೆಗೆ ಹೋಗಿ ಆರಾಮಾಗಿರು."

"ಇಳಿಯಲ್ಲ," ಎಂದಳು.

ಆ ಹೆಸರು ಬಂದದ್ದೇ ಈ ಪೆಟ್ಟಿಗೆಯಿಂದ. ಕಾರ್ಖಾನೆ ಮೊದಲು ಸೈಕಲ್ ಬೆಲ್ ಮಾಡುತ್ತಿತ್ತು. ಯುದ್ಧ ಶುರುವಾದದ್ದೇ ತಡ, ಬೆಲ್ ಹೋಗಿ ಫಿರಂಗಿ ಗುಂಡಿನ ಮೂತಿ ಬಂತು. ಪಾರ್ಕಿನ ಕಬ್ಬಿಣದ ಬೇಲಿ, ಶಾಲೆಯ ಗೇಟು ಎಲ್ಲ ಕುಲುಮೆಗೆ ಬಿದ್ದವು. ಗಂಡಸರನ್ನು ರೈಲಿಗೆ ತುಂಬಿದರು. ಹೊರಗಿನ ಗೋಡೆಯ ಮೇಲೆ 'ತಾಯಂದಿರೇ, ದೇಶಕ್ಕೆ ನಿಮ್ಮ ಕೈ ಬೇಕು' ಎಂದು ಪೋಸ್ಟರ್ ಅಂಟಿಸಿದರು. ಇವಳು ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಬಂದಳು. ಆದರೆ ಗಂಡ ನಡೆಸುತ್ತಿದ್ದ ಆ ಲೇತನ್ನು ಕೂರಿಸಿದ್ದು ಅವನ ಎತ್ತರಕ್ಕೆ, ಇವಳೋ ಗಿಡ್ಡಿ. ಹಿಡಿ ಎಟುಕಲಿಲ್ಲ. ಸುತ್ತ ಇದ್ದವರು ಕಿಸಕ್ಕೆಂದರು. ಇವಳು ಗುಂಡು ತುಂಬುವ ಖಾಲಿ ಪೆಟ್ಟಿಗೆಯೊಂದನ್ನು ದರದರ ಎಳೆದುತಂದು, ಬೋರಲು ಹಾಕಿ, ಹತ್ತಿ ನಿಂತಳು. ಕಾದ ಚೂರು ಸಿಡಿದು ಕತ್ತಿನ ಮೇಲೆ ಬೊಬ್ಬೆ ಎದ್ದಾಗಲೂ ಇಳಿದಿರಲಿಲ್ಲ. ಈಗ ಅದೇ ಗೋಡೆಯ ಮೇಲೆ 'ತಾಯಂದಿರೇ, ನಿಮ್ಮ ಮನೆ ನಿಮಗಾಗಿ ಕಾಯುತ್ತಿದೆ' ಎಂಬ ಹೊಸ ಪೋಸ್ಟರ್. ಪುಣ್ಯಾತ್ಮರು ಹಳೆಯದನ್ನು ಕೀಳುವ ಗೋಜಿಗೂ ಹೋಗಿರಲಿಲ್ಲ, ಅದರ ಮೇಲೆಯೇ ಅಂಟಿಸಿಬಿಟ್ಟಿದ್ದರು.

"ಮನೆ ಕಾಯ್ತಿದೆಯಂತೆ! ಮನೆಗೆ ನಮ್ಮತ್ತೆ ಇದ್ದಾರೆ," ಎಂದಳು. "ಅಲ್ಲ ಮೇಸ್ತ್ರಿಗಳೇ, ಜೀವ ತೆಗೆಯೋ ಸಾಮಾನು ಮಾಡೋಕೆ ನಾನು ಬೇಕಿತ್ತು. ಈಗ ಮತ್ತೆ ಬೆಲ್ ಮಾಡ್ತೀರಂತೆ, ಮಕ್ಕಳು ಬೀದಿ ತುಂಬ ಟ್ರಿಣ್ ಟ್ರಿಣ್ ಅನ್ನಿಸೋ ಬೆಲ್. ಅದಕ್ಕೆ ಬೇಡವಾದೆನಾ? ಹುಟ್ಟಿದ ಮೇಲೆ ನಂದು ಅಂತ ಕಲಿತಿರೋದು ಇದೊಂದೇ ಕೆಲಸ. ಕುಲುಮೆಗೆ ಆಳು ಬೇಕು ಅಂತ ನೀವೇ ಬಾಗಿಲಿಗೆ ಬೋರ್ಡ್ ಹಾಕಿದ್ದೀರಲ್ಲ, ಇವರನ್ನ ಅಲ್ಲಿಗೆ ಹಾಕ್ಕೊಳ್ಳಿ."

ಗಂಡನ ಮುಖಕ್ಕೆ ರಕ್ತ ನುಗ್ಗಿತು. ಅವನು ಜೀವಂತ ಮರಳಿದ ದಿನ ಸ್ಟೇಷನ್ನಿನಲ್ಲಿ ಇವಳು ಅತ್ತ ಅಳುವಿಗೆ ಅವನ ಅಂಗಿಯ ಕಾಲರು ನೆನೆದು ತೊಪ್ಪೆಯಾಗಿತ್ತು. ಅದು ಸುಳ್ಳಲ್ಲ. ಅವನಿಲ್ಲದೆ ಅವಳಿಗೆ ಒಂದು ದಿನವೂ ಅನ್ನ ಸೇರಿರಲಿಲ್ಲ, ಅದೂ ಸುಳ್ಳಲ್ಲ. ಆದರೆ ಅದು ಬೇರೆ, ಇದು ಬೇರೆ.

"ಎಲ್ಲರೆದುರು ಮಾನ ತೆಗೀತೀಯಲ್ಲೇ," ಎಂದು ಅವನು ಹಲ್ಲು ಕಚ್ಚಿದ. "ಅಲ್ಲಿ ಆ ಬೆಟ್ಟ ಹತ್ತೋಕೆ ನನ್ನ ಜೊತೆಯವರು ಎಷ್ಟು ಜನ ಮಣ್ಣಾದ್ರು ಗೊತ್ತಾ ನಿನಗೆ? ಕೊನೆಗೂ ಹತ್ತಿದ್ವಿ. ಹತ್ತಿ ಕೂತ ಮೇಲೆ ಏನಾಯ್ತು? ದೊಡ್ಡವರು ಮೇಜಿನ ಸುತ್ತ ಟೀ ಕುಡೀತಾ ಕೂತು, ಆ ಬೆಟ್ಟ ನಿಮಗೆ, ಈ ಹೊಳೆ ನಮಗೆ ಅಂತ ವಾಪಸ್ ಕೊಟ್ಟುಬಿಟ್ರು! ಇಳೀರಿ ಅಂದ್ರು, ಇಳಿದ್ವಿ. ಬೆಟ್ಟವೇ ಹೋಯ್ತು. ಒಂದು ಲೇತು, ನಂದೇ ಲೇತು, ಅದೂ ಇಲ್ಲವಾ ನನಗೆ?"

ಬೆಟ್ಟದ ಮಾತನ್ನು ಅವನು ಮನೆಯಲ್ಲಿ ಈವರೆಗೆ ಎತ್ತಿಯೇ ಇರಲಿಲ್ಲ. ಅವಳ ಒಂದು ಕಾಲು ಪೆಟ್ಟಿಗೆಯ ಅಂಚಿಗೆ ಬಂತು. ಇಳಿದೇ ಬಿಡುತ್ತಾಳೆ ಎಂದು ಮೇಸ್ತ್ರಿ ಪೆಟ್ಟಿಗೆ ಎತ್ತಲು ಬಗ್ಗಿದ.

ಅವಳು ಕಾಲನ್ನು ಹಿಂದಕ್ಕೆಳೆದುಕೊಂಡಳು.

"ಬೆಟ್ಟ ಕೊಟ್ಟವರು ನಿಮ್ಮನ್ನ ಒಂದು ಮಾತು ಕೇಳಿದ್ರಾ?"

"ನಮ್ಮನ್ನ ಯಾರು ಕೇಳ್ತಾರೆ!"

"ಹತ್ತಿದವರು ನೀವಲ್ವಾ?"

"ನಾವೇ."

"ನಾನೂ ಇಲ್ಲಿ ಹತ್ತಿದವಳೇ ಕಣ್ರೀ," ಎಂದಳು ಅವಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಹಿಡಿ ಬಿಡಬೇಕಾಗುತ್ತಿತ್ತು, ಬಿಡಲಿಲ್ಲ. "ನೀವೂ ನನ್ನ ಕೇಳಲಿಲ್ಲ. ಮೇಸ್ತ್ರಿಗಳ ಹತ್ತಿರ ಮಾತಾಡಿಕೊಂಡು ನೆಟ್ಟಗೆ ಬಂದು ನಿಂತ್ರಿ."

ಸುತ್ತಲಿನ ಲೇತುಗಳು ಒಂದೊಂದಾಗಿ ನಿಂತವು. ಅವುಗಳ ಮುಂದಿದ್ದ ಹೆಂಗಸರು, ಅವರ ಪಕ್ಕದಲ್ಲಿ ಟೋಪಿ ಕೈಯಲ್ಲಿ ಹಿಡಿದು ತಮ್ಮ ಲೇತಿಗಾಗಿ ಕಾಯುತ್ತಿದ್ದ ಗಂಡಸರು, ಎಲ್ಲರೂ ಇತ್ತಲೇ ನೋಡುತ್ತಿದ್ದರು. ಗಂಡ ತಲೆ ತಗ್ಗಿಸಿದ. ಪೆಟ್ಟಿಗೆಯ ಹಲಗೆಯಲ್ಲಿ ಅವಳ ಪಾದ ಊರಿದ ಜಾಗ ಸವೆದು ನುಣುಪಾಗಿತ್ತು. ಅದನ್ನೇ ನೋಡಿದ. ಆಮೇಲೆ ಯಾರದೋ ಮನೆಯ ಬಾಗಿಲಲ್ಲಿ ನಿಂತವನಂತೆ ಮೆಲ್ಲಗೆ ಕೇಳಿದ:

"ಬಿಟ್ಟುಕೊಡ್ತೀಯಾ?"

"ಇಲ್ಲ," ಎಂದಳು.

ಅವನು ತಲೆಯಾಡಿಸಿ, ಟೋಪಿ ಹಾಕಿಕೊಂಡು, ಕುಲುಮೆಯ ಕಡೆಗೆ ಹೊರಟ.

"ಏನಯ್ಯಾ ಇದು!" ಮೇಸ್ತ್ರಿ ಹಿಂದೆಯೇ ಓಡಿದ. "ಗಂಡಸಾಗಿ ಹೀಗೆ ಸುಮ್ಮನೆ ಹೋಗ್ತೀಯಲ್ಲ?"

"ಕೇಳಿದೆನಲ್ಲ ಸಾರ್, ಇಲ್ಲ ಅಂದ್ಲು," ಎಂದ ಅವನು, ನಿಲ್ಲದೆ. "ಆ ಬೆಟ್ಟದ ಮೇಲೆ ನನ್ನನ್ನ ಒಂದು ಮಾತು ಕೇಳಿದ್ದಿದ್ರೆ, ನಾನೂ ಅದನ್ನೇ ಅಂತಿದ್ದೆ."