ಹೆಸರೊಂದು ಇರಲಿ

ಪರದೆಯ ಮೇಲೆ ಹಾಡಿನ ಸಾಲು ಕನ್ನಡದಲ್ಲೂ ಅದರ ಕೆಳಗೇ ಮರಾಠಿಯಲ್ಲೂ ಮೂಡಿತು. ಮೈಲೂರಿನ ಚರ್ಚಿಗೆ ಹಾಡಿನ ತಾಲೀಮಿಗೆಂದು ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಮೊದಲು ತಟ್ಟಿದವಳು ಕೆವಿನನ ಅವ್ವ. ಕೆವಿನ ಮಾತ್ರ ಕೈ ಕಟ್ಟಿಕೊಂಡೇ ನಿಂತಿದ್ದ.

ಹಾಡು ತೋರಿಸುವ ಆ ಆ್ಯಪನ್ನು ಮೊದಲು ಮಾಡಿದವನು ಅವನೇ. ‘ಯಾರು ಏನು ಬೇಕಾದರೂ ಮಾಡಿಕೊಳ್ಳಿ, ನನ್ನ ಹೆಸರೊಂದು ಇರಲಿ’ ಎಂದು ಲೈಸೆನ್ಸ್ ಬರೆದು ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದ. ಮಹಾರಾಷ್ಟ್ರದ ಗಡಿಗಿರುವ ಕಮಲನಗರದ ಅಮೋಲ್ ಅದನ್ನು ತನ್ನ ಭಜನಾ ಮಂಡಳಿಗೆ ಒಯ್ದು ಮರಾಠಿ ಸೇರಿಸಿದ. ಈಗ ಚರ್ಚಿಗೂ ಅಮೋಲನದೇ ಬೇಕಂತೆ!

ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಅಮೋಲನ ಬಳಿ ಕೆವಿನ ಬಗ್ಗಿದ. “ನಿನ್ನ ಮರಾಠಿ ಕೋಡ್ ನನ್ನ ಹೊಸ ಆ್ಯಪಿಗೆ ಹಾಕೋತೀನಿ.”

“ಹಾಕೋರಿ ಅಣ್ಣಾ. ಆದ್ರ ನಿಮ್ಮ ಹೊಸಾ ಕೋಡ್ ಭೀ ಎಲ್ಲರಿಗೂ ತೆರದ ಇಡಬೇಕ್ರಿ. ನನ್ನ ಲೈಸೆನ್ಸ್‌ನಾಗ ಹಂಗ ಅದ.”

“ನಾ ನಿನಗ ಹಂಗೇನರ ಕೇಳಿದ್ನೇನು?”

“ಇಲ್ರಿ. ನೀವು ಕೇಳಿರಲಿಲ್ಲ.”

ಹಾಡು ಮುಗಿದು, ಪರದೆಯಲ್ಲಿ ‘ಮೂಲ: ಕೆವಿನ, ಮೈಲೂರ’ ಎಂದು ಬಂತು. ಕೆವಿನನಿಗೆ ಮೈಯೆಲ್ಲ ಉರಿಯಿತು.

“ನನ್ನ ಹೆಸರು ತೆಗಿ.”

ಅಮೋಲ್ ಕೀಬೋರ್ಡಿನಿಂದ ಕೈ ಎತ್ತಿದ. “ಹ್ಯಾಂಗ ತೆಗೀಲ್ರಿ ಅಣ್ಣಾ? ನೀವು ಹಾಕಿದ್ದು ಅದೊಂದೇ ಷರತ್ತು.”